ಸಿಕ್ಕಿದಷ್ಟೇ ನೆಂಟರು

ನಮ್ಮೂರಲ್ಲಿ ನೆಲ ಅಗೆದರೆ ನೀರು ಬರುವ ಮೊದಲು ನೆಂಟರು ಬರುತ್ತಾರೆ. ಬೋರ್‌ವೆಲ್ ಲಾರಿಯವರಿಗೂ ಇದು ಗೊತ್ತು. ಕೊಳವೆ ಇಳಿಸುವ ಮುಂಚೆ "ಮೆಲ್ಲಗೆ ಬಿಡ್ರಪ್ಪ, ಯಾರಾದ್ರೂ ಮಲಗಿರ್ತಾರೆ" ಎಂದು ಒಬ್ಬರಿಗೊಬ್ಬರು ಹೇಳಿಕೊಂಡೇ ಇಳಿಸುತ್ತಾರೆ. ಮನೆಯ ಪಾಯ ತೆಗೆದರೂ ಅಷ್ಟೇ, ಕಕ್ಕಸಿನ ಗುಂಡಿ ತೆಗೆದರೂ ಅಷ್ಟೇ. ಮೊಣಕಾಲುದ್ದ ಇಳಿಯುವಷ್ಟರಲ್ಲಿ ಗುದ್ದಲಿಗೆ ಠಣ್ಣೆಂದು ಏನೋ ತಗಲುತ್ತದೆ. ಎತ್ತಿ ನೋಡಿದರೆ ಕಲ್ಲಾಗಿ ಹೋದ ಎಲುಬು. ಅದನ್ನು ತೊಳೆದು, ಮೊರದಲ್ಲಿ ಹಾಕಿ, ಒಂದು ಮಧ್ಯಾಹ್ನ ಬಿಸಿಲಿಗಿಟ್ಟರೆ ಸಾಕು. ಸಂಜೆಯ ಹೊತ್ತಿಗೆ ಅದು ಎದ್ದು ತನ್ನ ಕೆಲಸ ತಾನು ನೋಡಿಕೊಳ್ಳಲು ಶುರು ಮಾಡುತ್ತದೆ.

ಅವರನ್ನು ನಾವು ಹಿಂದಿನವರು ಎನ್ನುತ್ತೇವೆ. ಅವರೂ ಮನುಷ್ಯರೇ, ಆದರೆ ನಮ್ಮ ಪೈಕಿಯವರಲ್ಲ. ನಮಗಿಂತ ಲಕ್ಷಗಟ್ಟಲೆ ವರ್ಷ ಮುಂಚೆ ಬಂದು, ಉಂಡು, ತಿಂದು, ಕಿತ್ತಾಡಿ, ವಂಶಕ್ಕೊಬ್ಬರೂ ಉಳಿಯದಂತೆ ಹೋದವರು. ಯಾರ ಜಾಗದಲ್ಲಿ ಸಿಕ್ಕರೋ ಅವರು ಆ ಮನೆಯ ನೆಂಟರು. ಎಷ್ಟು ಸಿಕ್ಕರೋ ಅಷ್ಟೇ ನೆಂಟಸ್ತಿಕೆ. ಮಿಕ್ಕಿದ್ದೆಲ್ಲಿ ಎಂದು ಕೇಳುವಂತಿಲ್ಲ. ಹಿಂದಿನವರಿಗೆ ಎಲ್ಲರೂ ಬಹುವಚನ ಕೊಡತಕ್ಕದ್ದು ಎಂದು ಬಸ್ ಸ್ಟ್ಯಾಂಡಿನಲ್ಲಿ ಪುರಸಭೆಯ ಬೋರ್ಡೇ ಇದೆ.

ಮಂಡಕ್ಕಿ ಅಂಗಡಿಯ ರುದ್ರಾಣಮ್ಮನ ಮನೆಯಲ್ಲಿ ಸಿಕ್ಕಿದ್ದು ದವಡೆ, ಮೇಲಿನದು ಕೆಳಗಿನದು ಎರಡೂ. ಗೋಲಿ ಗಾತ್ರದ ಹಲ್ಲುಗಳು. ಆ ದವಡೆಗೆ ಹೊಟ್ಟೆಯಿಲ್ಲ, ಆದ್ದರಿಂದ ಸಾಕು ಎನ್ನುವುದೂ ಇಲ್ಲ. ಕಡಲೆಕಾಯಿಯನ್ನು ಸಿಪ್ಪೆ ಸಮೇತ ಅರೆದು ಹಾಕುತ್ತದೆ, ಹುಣಸೆಬೀಜವನ್ನೂ ಬಿಡುವುದಿಲ್ಲ. ರುದ್ರಾಣಮ್ಮ ಚಟ್ನಿಪುಡಿಗೆ ಮಿಕ್ಸಿ ಇಟ್ಟುಕೊಂಡಿಲ್ಲ. ನಿವೃತ್ತ ಡ್ರಿಲ್ ಮೇಷ್ಟ್ರು ಚಂದ್ರಹಾಸ ಅವರ ಹಿತ್ತಲಲ್ಲಿ ಬಂದದ್ದು ಒಂದೇ ಒಂದು ತೊಡೆಯ ಮೂಳೆ. ಅದು ನೆಟ್ಟಗೆ ನಿಂತು ಟಣ್ ಟಣ್ ಎಂದು ನೆಗೆಯುತ್ತ ದಿನಾ ಬೆಳಿಗ್ಗೆ ಅವರ ಜೊತೆ ಕೆರೆ ಏರಿಯವರೆಗೆ ವಾಕಿಂಗ್ ಹೋಗುತ್ತದೆ. ಹಿಟ್ಟಿನ ಗಿರಣಿಯ ರವೂಫ್ ಸಾಬರ ಪಾಲಿಗೆ ಬಂದದ್ದು ಬುರುಡೆಯ ಮೇಲ್ಭಾಗ, ದಪ್ಪ ಹುಬ್ಬಿನ ಏಣು ಸಮೇತ. ಕಣ್ಣಿಲ್ಲ, ಬಾಯಿಲ್ಲ, ಬರೀ ಹುಬ್ಬು. ಗಿರಣಿಯ ಮೂಟೆಯ ಮೇಲೆ ಕೂತು ಅದು ಜನರನ್ನು ನೋಡುವ ರೀತಿಗೆ ಹೆದರಿ ಅಲ್ಲಿ ಯಾರೂ ಸಾಲು ತಪ್ಪಿಸಿ ಮುಂದೆ ಹೋಗುವುದಿಲ್ಲ.

ಹಗಲೆಲ್ಲ ಹಿಂದಿನವರು ಊರಲ್ಲಿ ಎಲ್ಲೆಂದರಲ್ಲಿ ತಿರುಗುತ್ತಾರೆ. ದೀಪ ಹಚ್ಚುವ ಹೊತ್ತಿಗೆ ಮನೆಮನೆಯವರೂ ಬಾಗಿಲಿಗೆ ಬಂದು ತಮ್ಮ ತಮ್ಮವರನ್ನು ಕರೆಯಬೇಕು, ಇದು ನಮ್ಮೂರ ಪದ್ಧತಿ. ರುದ್ರಾಣಮ್ಮ ಒಂದು ಕಡಲೆಕಾಯಿ ಒಡೆಯುತ್ತಾಳೆ. ಚಂದ್ರಹಾಸ ಮೇಷ್ಟ್ರು ಸೀಟಿ ಊದುತ್ತಾರೆ. ರವೂಫ್ ಸಾಬರು ಖಾಲಿ ಡಬ್ಬ ತಟ್ಟುತ್ತಾರೆ. ಕಿವಿಯೇ ಇಲ್ಲದ ತೊಡೆಮೂಳೆ ಸೀಟಿ ಹೇಗೆ ಕೇಳಿಸಿಕೊಳ್ಳುತ್ತದೆ ಎಂದು ಹೊರಗಿನಿಂದ ಬಂದವರು ತಲೆ ಕೆಡಿಸಿಕೊಳ್ಳುತ್ತಾರೆ. ನಮಗೆ ಅಷ್ಟು ಪುರುಸೊತ್ತಿಲ್ಲ.

ನಾನು ಓಬಕ್ಕ, ಪೇಟೆಬೀದಿಯಲ್ಲಿ ಬ್ಲೌಸು ಹೊಲಿಯುತ್ತೇನೆ. ಗಂಡ ಹೋಗಿ ಬಹಳ ಕಾಲವಾಯಿತು, ಮಕ್ಕಳಾಗಲಿಲ್ಲ. ನಮ್ಮ ಮನೆಗೆ ಬಂದದ್ದು ಒಂದು ಕಿರುಬೆರಳು. ಅದೂ ಪೂರ್ತಿಯಲ್ಲ, ತುದಿಯ ಎರಡು ಗೆಣ್ಣು. ಹಿತ್ತಲಲ್ಲಿ ಗುಂಡಿ ತೆಗೆಯುತ್ತಿದ್ದ ಕೂಲಿಯವರು ಅದನ್ನು ಅಂಗೈ ಮೇಲಿಟ್ಟುಕೊಂಡು, "ಏನವ್ವ, ನಿಂಗೆ ದೇವ್ರು ಉಪ್ಪಿನಕಾಯಿ ನಂಚಿಕೊಳ್ಳೋಷ್ಟು ನೆಂಟ್ರನ್ನ ಕೊಟ್ಟವ್ನೆ" ಎಂದು ನಕ್ಕಿದ್ದರು. ನನಗೂ ನಗು ಬಂತು. ಬೀದಿಯ ಉಳಿದವರ ಮನೆಯಲ್ಲಿ ತೊಡೆ, ತಲೆ, ದವಡೆ ಮೆರೆಯುತ್ತಿರುವಾಗ ನನ್ನ ಪಾಲಿಗೆ ಇದೇನು ಕೊಸರು ಎಂದುಕೊಂಡೆ.

ಸಂಜೆ ಮಿಷನ್ನಿನ ಮುಂದೆ ಕೂತು ರೇಷ್ಮೆ ಬ್ಲೌಸಿಗೆ ಅಂಚು ಹೊಲಿಯುತ್ತಿದ್ದೆ. ಬಟ್ಟೆ ಜಾರಿ ಜಾರಿ ಹೋಗುತ್ತಿತ್ತು. ಯಾರೋ ಅದರ ತುದಿಯನ್ನು ಒತ್ತಿ ಹಿಡಿದಂತಾಯಿತು. ನೋಡಿದರೆ ಆ ಬೆರಳು. ಮೊರದಿಂದ ಎದ್ದು ಹುಳದಂತೆ ಬಾಗಿ ಬಾಗಿ ಬಂದು ಬಟ್ಟೆಯ ಮೇಲೆ ಮಲಗಿತ್ತು. ಅಂದಿನಿಂದ ಆ ಬೆರಳು ನನ್ನ ಬಾಯಲ್ಲಿ ಅವಳಾಯಿತು, ಬಟ್ಟೆ ಹಿಡಿಯುವುದೇ ಅವಳ ಕೆಲಸ. ಹೊಲಿಗೆ ಸೊಟ್ಟಗಾದರೆ ಮಿಷನ್ನಿನ ಹಲಗೆ ಮೇಲೆ ಎರಡು ಸಲ ಟಕ್ ಟಕ್ ಎಂದು ಕುಟ್ಟುತ್ತಾಳೆ, ಅಂದರೆ ಬಿಚ್ಚು ಎಂದರ್ಥ. ಇಷ್ಟು ವರ್ಷ ನನ್ನ ಹೊಲಿಗೆಗೆ ಹೆಸರಿಟ್ಟವರಿರಲಿಲ್ಲ, ಇವಳು ಇಟ್ಟಳು. ಬೀದಿಯಲ್ಲಿ ಹುಡುಗಿಯರು ಕುಂಟೆಬಿಲ್ಲೆ ಆಡುವಾಗ ಕಿಟಕಿಯ ಕಟ್ಟೆ ಮೇಲೆ ಹತ್ತಿ ಅವರ ನೆಗೆತಕ್ಕೆ ತಾಳ ಹಾಕುತ್ತಾಳೆ. ನಾನು ಹೊರಗೆ ಹೊರಟರೆ ನನ್ನ ಕಿರುಬೆರಳಿಗೆ ಕೊಕ್ಕೆಯಂತೆ ಸಿಕ್ಕಿಕೊಂಡು ಬರುತ್ತಾಳೆ. ಪುರಸಭೆಯವರು ಕೇಳಿಸಿಕೊಂಡರೆ ದಂಡ ಹಾಕಿಯಾರು, ಅವಳಿಗೆ ನಾನು ಬಹುವಚನ ಕೊಟ್ಟದ್ದೇ ಇಲ್ಲ. ಕೂಸೇ ಎನ್ನುತ್ತೇನೆ. ಸಂಜೆ ಅವಳನ್ನು ಕರೆದದ್ದೂ ಇಲ್ಲ. ನನ್ನ ಬಿಟ್ಟು ಎಲ್ಲಾದರೂ ಹೋದರೆ ತಾನೆ ಕರೆಯುವುದು.

ಅವಳು ಯಾರೆಂದು ಹೇಳಿದವರು ಡಾಕ್ಟರ್ ಅನಂತಶಯನ. ರಾಜಧಾನಿಯ ಮ್ಯೂಸಿಯಮ್ಮಿನಿಂದ ಬಂದು ಪ್ರವಾಸಿ ಬಂಗಲೆಯಲ್ಲಿ ಇಳಿದುಕೊಂಡಿದ್ದ ಸಣಕಲು ಮನುಷ್ಯ. ಎಲುಬಿನ ಡಾಕ್ಟರು ಬಂದಿದ್ದಾರೆ ಎಂಬ ಸುದ್ದಿ ಹಬ್ಬಿದ್ದೇ ತಡ, ಊರಿನ ಮಂಡಿನೋವಿನ ಮುದುಕರೆಲ್ಲ ಬಂಗಲೆಯ ಮುಂದೆ ಸಾಲು ನಿಂತರು. ತಾನು ಸತ್ತವರ ಎಲುಬು ಮಾತ್ರ ನೋಡುವವನು ಎಂದು ಆತ ಹೇಳಿದ್ದಕ್ಕೆ ಒಬ್ಬ ಮುದುಕ, "ನೋಡಿ ಸ್ವಾಮಿ, ನಾವು ಸಾಯೋಕೆ ಇನ್ನೆಷ್ಟು ದಿನ, ಮುಂಗಡವಾಗಿ ನೋಡಿ" ಅಂದನಂತೆ. ಡಾಕ್ಟರು ಮನೆಮನೆಗೂ ಹೋಗಿ ಅಳತೆ ತೆಗೆದುಕೊಂಡರು. ನಮ್ಮನೆಯಲ್ಲಿ ಕೂಸಿನ ತುದಿಯಿಂದ ಒಂದಿಷ್ಟು ಪುಡಿ ಕೆರೆದುಕೊಂಡಾಗ ಅವಳು ಸಿಟ್ಟಿಗೆದ್ದು ಅವರ ಭೂತಗನ್ನಡಿಯನ್ನು ತಳ್ಳಿ ಕೆಡವಿದಳು. ಆಮೇಲೊಂದು ದಿನ ಪರೀಕ್ಷೆಯ ಫಲಿತಾಂಶ ಹಿಡಿದುಕೊಂಡು ಮತ್ತೆ ಬಂದರು. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಮಿಷನ್ನಿನ ಮುಂದೆ ನೆಲದ ಮೇಲೆ ಕೂತರು.

"ಓಬಕ್ಕನವರೆ, ಇದು ಹುಡುಗಿಯ ಬೆರಳು. ಹತ್ತು ಹನ್ನೆರಡರ ಆಸುಪಾಸಿನ ವಯಸ್ಸು" ಎಂದರು.

"ಅದು ನಂಗೆ ಗೊತ್ತಿತ್ತು. ಕುಂಟೆಬಿಲ್ಲೆ ಅಂದ್ರೆ ಪ್ರಾಣ" ಎಂದೆ.

"ಗೊತ್ತಿಲ್ಲದ್ದು ಬೇರೆ ಇದೆ. ರುದ್ರಾಣಮ್ಮನವರ ದವಡೆ ಒಂದು ಪಂಗಡ, ಸಾಹೇಬರ ಬುರುಡೆ ಇನ್ನೊಂದು, ಮೇಷ್ಟ್ರ ತೊಡೆ ಅವೆರಡಕ್ಕಿಂತ ಹಳೇದು. ಈ ಹುಡುಗಿ ಯಾವುದಕ್ಕೂ ಸೇರೋಲ್ಲ. ಬೇರೆಯೇ ಜನ. ಇವರ ಮುಖ ಹೇಗಿತ್ತು, ಎಷ್ಟು ಎತ್ತರ ಇದ್ದರು, ಯಾರಿಗೂ ತಿಳೀದು. ಅಂಥ ಜನ ಇದ್ದರು ಅನ್ನೋದಕ್ಕೆ ಸಾಕ್ಷಿ ಅಂತ ಇರೋದು ಇಷ್ಟೇ, ಈ ಎರಡು ಗೆಣ್ಣು."

ನಾನು ಅವಳ ಕಡೆ ನೋಡಿದೆ. ಇಡೀ ಒಂದು ಜನಾಂಗದ ಸಾಕ್ಷಿ ನನ್ನ ದಾರದ ಉಂಡೆಯನ್ನು ಮೇಜಿನ ಅಂಚಿಗೆ ಉರುಳಿಸಿ ಬೀಳಿಸುವ ಪ್ರಯತ್ನದಲ್ಲಿತ್ತು.

"ಅಂದ್ರೆ ಅವಳ ಪೈಕಿ ಅಂತ ಇವ್ಳೊಬ್ಳೇಯ?" ಎಂದೆ.

"ಸದ್ಯಕ್ಕೆ ಒಬ್ಬಳೇ."

"ಸರಿಹೋಯ್ತು ಬಿಡಿ. ಈ ಮನೇಲಿ ನಾನೂ ಒಬ್ಳೇಯ."

ಹೀಗೇ ನಡೆದುಕೊಂಡು ಹೋಗಿದ್ದರೆ ಹೇಳುವಂಥದ್ದೇನೂ ಇರುತ್ತಿರಲಿಲ್ಲ. ಕೆರೆಯಾಚೆಯ ಊರಿನವರು ಬಾವಿ ತೋಡಿದರು. ಅವರ ಬಾವಿಯಲ್ಲಿ ಒಬ್ಬ ಇಡೀ ಮನುಷ್ಯ ಬಂದ. ನೆತ್ತಿಯಿಂದ ಉಂಗುಟದವರೆಗೆ ಒಂದು ಮೂಳೆಯೂ ಕಡಿಮೆಯಿಲ್ಲ. ಈಗವನು ಅವರ ಪುರಸಭೆಯ ಬಾಗಿಲಲ್ಲಿ ಬೆಂಚಿನ ಮೇಲೆ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿರುತ್ತಾನಂತೆ. ಮಂತ್ರಿಗಳು ಬಂದು ಅವನ ಕೈ ಕುಲುಕಿ, ಆ ಊರಿಗೆ ಡಾಂಬರು ರಸ್ತೆ ಕೊಟ್ಟು ಹೋದರು. ನಮ್ಮ ಪುರಸಭೆಯ ಅಧ್ಯಕ್ಷರು ಬಸವಂತಪ್ಪನವರಿಗೆ ಆವತ್ತಿನಿಂದ ಅನ್ನ ಸೇರಲಿಲ್ಲ. ಅವರು ಸಭೆ ಕರೆದರು. ಆ ಊರಿಗೆ ಇಡೀ ಮನುಷ್ಯ, ನಮ್ಮೂರಿಗೆ ಬರೀ ಚೂರುಗಳು, ಇದು ಊರಿಗಾದ ಅವಮಾನ ಎಂದರು. ಚೂರುಗಳೆಲ್ಲ ಸೇರಿದರೆ ಇಡೀ ಆಗುವುದಿಲ್ಲವೇ ಎಂದು ತಾವೇ ಕೇಳಿ, ಆಗುತ್ತದೆ ಎಂದು ತಾವೇ ಹೇಳಿದರು. ಬುರುಡೆ ಸಾಬರದು, ದವಡೆ ರುದ್ರಾಣಮ್ಮನದು, ತೊಡೆ ಮೇಷ್ಟ್ರದು, ಬೆರಳು ಓಬಕ್ಕನದು. ನಡುವೆ ಕಡಿಮೆ ಬಿದ್ದಲ್ಲಿ ಪ್ಲಾಸ್ಟರು ತುಂಬಿಸಿದರೆ ಊರಹಿರಿಯ ಸಿದ್ಧ.

ಡಾಕ್ಟರ್ ಅನಂತಶಯನ ಎದ್ದು ನಿಂತರು. "ಅಧ್ಯಕ್ಷರೆ, ಇವರು ನಾಲ್ಕು ಬೇರೆ ಬೇರೆ ಜನ. ಒಬ್ಬರ ಕಾಲದಲ್ಲಿ ಇನ್ನೊಬ್ಬರು ಇರಲೇ ಇಲ್ಲ. ನಡುವೆ ಲಕ್ಷಾಂತರ ವರ್ಷ ಇದೆ. ಇವರು ಒಬ್ಬರನ್ನೊಬ್ಬರು ನೋಡಿಯೇ ಇಲ್ಲ" ಎಂದರು.

"ದಿನಾ ಬೆಳಿಗ್ಗೆ ನಲ್ಲಿ ಹತ್ರ ನೋಡ್ತಾರಲ್ಲ ಡಾಕ್ಟ್ರೆ" ಎಂದರು ಅಧ್ಯಕ್ಷರು. ಸಭೆ ಚಪ್ಪಾಳೆ ತಟ್ಟಿತು. ಡಾಕ್ಟರು ಇನ್ನೂ ಏನೋ ಹೇಳಬೇಕೆಂದಿದ್ದರು, ಅಷ್ಟರಲ್ಲಿ ಅವರಿಗೆ ಶಾಲು ಹೊದಿಸಿಬಿಟ್ಟರು. ಶಾಲು ಹೊದ್ದ ಮನುಷ್ಯ ಮಾತಾಡುವುದು ಕಷ್ಟ.

ಮಾರನೆಯ ದಿನ ಅಧ್ಯಕ್ಷರು ಖುದ್ದಾಗಿ ನನ್ನ ಅಂಗಡಿಗೆ ಬಂದರು. ನಾನು ಕೊಡುವುದಿಲ್ಲ ಎಂದೇ ತೀರ್ಮಾನ ಮಾಡಿಕೊಂಡು ಕೂತಿದ್ದೆ. ಅವರು ಊರಿನ ಮಾನದ ಮಾತು ಎತ್ತಿದ್ದರೆ ಕೊಡುತ್ತಲೂ ಇರಲಿಲ್ಲ. ಆದರೆ ಬಸವಂತಪ್ಪನವರು ಚುನಾವಣೆ ಗೆದ್ದವರು, ಯಾರ ಮುಂದೆ ಯಾವ ಮಾತು ಎಂಬುದು ಅವರಿಗೆ ಗೊತ್ತು. ಕಿಟಕಿಯ ಕಟ್ಟೆಯ ಮೇಲೆ ತಾಳ ಹಾಕುತ್ತಿದ್ದ ಕೂಸನ್ನು ತೋರಿಸಿ, "ನೋಡಕ್ಕ, ಆ ಮಕ್ಳು ಹೆಂಗೆ ನೆಗೀತವೆ. ಇದು ಇಲ್ಲಿ ಕೂತು ಎಣಿಸ್ತದೆ. ಒಂದು ಬೆರಳಾಗಿ ಬಾಳೋದೂ ಒಂದು ಬಾಳೇನಕ್ಕ? ನಾನು ಕೈ ಕೊಡ್ತೀನಿ, ಕಾಲು ಕೊಡ್ತೀನಿ. ನಿನ್ನ ಕೂಸು ಎದ್ದು ಓಡಾಡ್ತದೆ" ಎಂದರು.

ಅವಳಿಗೆ ಕಾಲು ಬರುತ್ತದೆ ಎಂದರೆ ಅಡ್ಡ ಬರಲು ನಾನು ಯಾರು? ನನ್ನ ಬಟ್ಟೆಯ ಅಂಚು ಹಿಡಿದುಕೊಂಡು ಇರು ಎನ್ನುವುದು ನನ್ನ ಸ್ವಾರ್ಥ ತಾನೆ. ಹತ್ತಿಬಟ್ಟೆಯ ಒಂದು ತುಂಡಿನಲ್ಲಿ ಸುತ್ತಿ ಕೊಟ್ಟೆ. ಅವಳು ನನ್ನ ಬೆರಳು ಬಿಡಲಿಲ್ಲ. ನಾನೇ ಬಿಡಿಸಿದೆ. ಅವರು ಹೋದ ಮೇಲೆ ಸೂಜಿಗೆ ದಾರ ಪೋಣಿಸಲು ಕೂತರೆ ಕಣ್ಣು ಮಂಜಾಗಿ ತೂತೇ ಕಾಣಲಿಲ್ಲ.

ಗಣಪತಿ ಮಾಡುವವರನ್ನು ಕರೆಸಿ ಪುರಸಭೆಯ ಗೋಡೌನಿನಲ್ಲಿ ಊರಹಿರಿಯನನ್ನು ಕಟ್ಟಿಸಿದರು. ಅವನಿಗೆ ಜುಬ್ಬ ಹೊಲಿಯುವ ಕೆಲಸ ನನಗೇ ಬಂತು. ಟೇಪು ಹಿಡಿದುಕೊಂಡು ಹೋದೆ. ಒಳಗೆ ಕಾಲಿಟ್ಟವಳು ನಗಬೇಕೋ ಅಳಬೇಕೋ ತಿಳಿಯದೆ ನಿಂತೆ. ಅಷ್ಟು ದೊಡ್ಡ ದವಡೆಗೆ ತಕ್ಕ ಮುಖವಿಲ್ಲ, ಹೀಗಾಗಿ ಬಾಯಿ ಮುಚ್ಚುತ್ತಲೇ ಇರಲಿಲ್ಲ. ಅದರ ಮೇಲೆ ಸಾಬರ ಮನೆಯ ಹುಬ್ಬು, ತನ್ನ ಕೆಳಗೆ ನಡೆಯುತ್ತಿರುವುದು ಯಾವುದೂ ತನಗೆ ಒಪ್ಪಿಗೆಯಿಲ್ಲ ಎನ್ನುವಂತೆ ಗಂಟಿಕ್ಕಿತ್ತು. ಒಂದು ತೊಡೆ ಉದ್ದ, ಪ್ಲಾಸ್ಟರಿನದು ಗಿಡ್ಡ. ನಿಜವಾದ ತೊಡೆಯನ್ನು ವಾಕಿಂಗ್ ಹೋಗದಂತೆ ಕಂಬಕ್ಕೆ ಹಗ್ಗ ಹಾಕಿ ಕಟ್ಟಿದ್ದರು, ಅದು ಕಟ್ಟಿದಲ್ಲೇ ತುಯ್ಯುತ್ತಿತ್ತು. ಅಷ್ಟು ಸಾಲದೆಂದು ಅಧ್ಯಕ್ಷರು ಅವನಿಗೊಂದು ಮೀಸೆ ಬೇರೆ ಇಡಿಸಿದ್ದರು. ಆಶೀರ್ವಾದ ಮಾಡುವ ಹಾಗೆ ಬಲಗೈ ಮೇಲೆತ್ತಿತ್ತು. ಆ ಕೈಯ ಕಿರುಬೆರಳು ನನ್ನ ಕೂಸು.

ಅಂಗೈ ಪ್ಲಾಸ್ಟರು, ಮುಂಗೈ ಪ್ಲಾಸ್ಟರು. ಪ್ಲಾಸ್ಟರಿಗೆ ಜೀವ ಬರುತ್ತದೆಯೇ? ಅವಳನ್ನೂ ತುದಿಯಿಂದ ಬುಡದವರೆಗೆ ಮೆತ್ತಿ, ಮೇಲೊಂದು ಪದರ ಸುಣ್ಣ ಬಳಿದುಬಿಟ್ಟಿದ್ದರು. ಕೈ ಬರಲಿಲ್ಲ, ಕಾಲು ಬರಲಿಲ್ಲ, ಇದ್ದ ಎರಡು ಗೆಣ್ಣಿನ ಬಾಗುವಿಕೆಯೂ ಹೋಯಿತು. ಸ್ಟೂಲು ಹತ್ತಿ ಟೇಪು ಹಿಡಿಯುವ ನೆಪದಲ್ಲಿ ನನ್ನ ಬೆರಳನ್ನು ಅವಳಿಗೆ ತಾಗಿಸಿದೆ. ಒಳಗೆ ಎಲ್ಲೋ ಬಹಳ ಸಣ್ಣಗೆ ಟಕ್ ಟಕ್ ಎಂದಿತು. ಬಿಚ್ಚು.

ನಾನು ನೇರ ಅಧ್ಯಕ್ಷರ ಕೋಣೆಗೆ ಹೋದೆ. "ಅಣ್ಣ, ನನ್ನ ಕೂಸನ್ನ ಬಿಚ್ಚಿಸಿಕೊಡಿ. ಅದಕ್ಕೆ ಉಸಿರು ಕಟ್ಟೈತೆ" ಎಂದೆ.

"ಬೆರಳಿಗೆ ಎಲ್ಲಿ ಉಸಿರಕ್ಕ? ಭಾನುವಾರ ಮಂತ್ರಿಗಳು ಬರ್ತಾರೆ. ಆಮೇಲೆ ಊರಹಿರಿಯರನ್ನ ಗಾಜಿನ ಪೆಟ್ಟಿಗೇಲಿ ಇಟ್ಟು ಅವರ ಗಾಡೀಲೇ ರಾಜಧಾನಿಗೆ ಕಳಿಸೋದು ಅಂತ ಆಗಿದೆ. ದೇಶವೇ ನೋಡ್ತದೆ ನಿನ್ನ ಬೆರಳನ್ನ."

"ದೇಶ ನೋಡೋದು ಬ್ಯಾಡಣ್ಣ, ನಾನು ನೋಡಿದ್ರೆ ಸಾಕು."

"ಜುಬ್ಬ ಶನಿವಾರ ಸಂಜೆಗೆ ಬೇಕು" ಎಂದು ಅವರು ಫೋನು ಕೈಗೆತ್ತಿಕೊಂಡರು.

ಆ ವಾರ ಬೀದಿಯಲ್ಲಿ ಯಾರ ಮುಖದಲ್ಲೂ ಕಳೆಯಿರಲಿಲ್ಲ. ಚಂದ್ರಹಾಸ ಮೇಷ್ಟ್ರು ಬೆಳಿಗ್ಗೆ ಗೇಟಿನ ತನಕ ಹೋಗಿ, ನಿಂತು, ಪಕ್ಕಕ್ಕೆ ನೋಡಿ, ವಾಪಸು ಬರುತ್ತಿದ್ದರು. ರುದ್ರಾಣಮ್ಮ ಒರಳಲ್ಲಿ ಚಟ್ನಿಪುಡಿ ಕುಟ್ಟಿ ಭುಜ ಹಿಡಿದುಕೊಂಡು ಕೂತಿದ್ದಳು. ಗಿರಣಿಯಲ್ಲಿ ದಿನಾ ಸಾಲಿಗಾಗಿ ಹೊಡೆದಾಟ. ಸಂಜೆ ದೀಪ ಹಚ್ಚುವಾಗ ಯಾರೂ ಬಾಗಿಲಿಗೆ ಬಂದು ಕರೆಯುತ್ತಿರಲಿಲ್ಲ. ಊರಿನ ಮಾನಕ್ಕಾಗಿ ಕೊಟ್ಟದ್ದು, ಕರೆದು ಕಾರ್ಯಕ್ರಮ ಕೆಡಿಸಬಾರದು ಎಂದು ಅಧ್ಯಕ್ಷರು ಎಲ್ಲರಿಂದಲೂ ಮಾತು ತೆಗೆದುಕೊಂಡಿದ್ದರು. ನನ್ನಿಂದ ಮಾತ್ರ ತೆಗೆದುಕೊಂಡಿರಲಿಲ್ಲ, ನನ್ನ ಹತ್ತಿರ ಕರೆಯೇ ಇರಲಿಲ್ಲವಲ್ಲ. ನಾನು ಕೂತು ಜುಬ್ಬ ಹೊಲಿದೆ. ಒಳ್ಳೆಯ ಗರದ ರೇಷ್ಮೆ ಬಟ್ಟೆ. ಅಳತೆಗೆ ಕತ್ತರಿಸಿ, ಹೆಗಲು, ಕಂಕುಳು, ಪಕ್ಕ, ಎಲ್ಲ ಕಡೆಯೂ ಬರೀ ಕಚ್ಚಾ ಹೊಲಿಗೆ ಹಾಕಿದೆ. ಅಳತೆ ನೋಡಲು ಹಾಕುತ್ತೇವಲ್ಲ, ದಾರದ ತುದಿ ಎಳೆದರೆ ಬಿಚ್ಚಿಕೊಳ್ಳುವ ಹೊಲಿಗೆ, ಅದು. ಮೇಲೆ ಇಸ್ತ್ರಿ ಮಾಡಿ ಕೊಟ್ಟೆ. ಈ ಕಸುಬಿಗೆ ಕೂತ ಮೇಲೆ ಗಿರಾಕಿಗೆ ಕಚ್ಚಾ ಹೊಲಿಗೆಯ ಬಟ್ಟೆ ಕೊಟ್ಟದ್ದು ಅದೇ ಮೊದಲು.

ಭಾನುವಾರ ಪೇಟೆಯ ಚೌಕದಲ್ಲಿ ಶಾಮಿಯಾನ ಹಾಕಿದರು. ಊರಹಿರಿಯ ವೇದಿಕೆಯ ನಡುವೆ ಜುಬ್ಬ ತೊಟ್ಟು, ಪೇಟ ಸುತ್ತಿಕೊಂಡು, ಬಾಯಿ ತೆರೆದುಕೊಂಡು ನಿಂತಿದ್ದ. ಸಭ್ಯವಾಗಿ ಕಾಣಲಿ ಎಂದು ತೊಡೆಯ ಹಗ್ಗ ಬಿಚ್ಚಿದ್ದರು. ಮಧ್ಯಾಹ್ನ ಮೂರಕ್ಕೆ ಬರಬೇಕಿದ್ದ ಮಂತ್ರಿಗಳು ಹೊತ್ತು ಇಳಿದ ಮೇಲೆ ಬಂದರು. ಸ್ವಾಗತ ಭಾಷಣ, ಪ್ರಾಸ್ತಾವಿಕ ಭಾಷಣ, ಅದರ ಮೇಲೊಂದು ನಾಡಗೀತೆ. ಅಧ್ಯಕ್ಷರು ಮೈಕು ಹಿಡಿದು, ಇವರೇ ಮಾನವಕುಲದ ಮೂಲಪುರುಷರು, ನಮ್ಮೂರಿನ ಮಣ್ಣಿನಲ್ಲೇ ಹುಟ್ಟಿದವರು, ಮೀಸೆ ನೋಡಿದರೇ ಗೊತ್ತಾಗುತ್ತದೆ ಎಂದರು. ವೇದಿಕೆಯ ತುದಿಯ ಕುರ್ಚಿಯಲ್ಲಿ ಕೂತಿದ್ದ ಡಾಕ್ಟರ್ ಅನಂತಶಯನ ಶಾಲಿನೊಳಗೆ ಇನ್ನಷ್ಟು ಕುಗ್ಗಿದರು. ಗಾಜಿನ ಪೆಟ್ಟಿಗೆ ಹೊತ್ತ ಗಾಡಿ ಹಿಂದೆ ಇಂಜಿನ್ ಆರಿಸದೆ ನಿಂತಿತ್ತು.

ಸೂರ್ಯ ಮುಳುಗಿದ. ಅಂಗಡಿಗಳಲ್ಲಿ ದೀಪ ಹತ್ತತೊಡಗಿದವು. ನಾನು ಹೆಂಗಸರ ಸಾಲಿನಲ್ಲಿ ರುದ್ರಾಣಮ್ಮನ ಪಕ್ಕ ಕೂತಿದ್ದೆ. ಅವಳ ಕಣ್ಣು ವೇದಿಕೆಯ ಮೇಲಿನ ದವಡೆಯಲ್ಲೇ ನೆಟ್ಟಿತ್ತು. ನೆರೆದವರೆಲ್ಲ ತಮ್ಮವರನ್ನು ಕರೆದರೆ ಏನಾಗುತ್ತದೆ ಎಂಬುದು ನನಗೆ ಗೊತ್ತಿತ್ತು. ನನ್ನ ಕೂಸು ಪ್ಲಾಸ್ಟರಿನೊಳಗೆ ಬಿಗಿದುಹೋಗಿದೆ, ಅವಳು ಬರಲಾರಳು ಎಂಬುದೂ ಗೊತ್ತಿತ್ತು. ಬಿದ್ದು ಒಡೆದುಹೋದರೆ? ಆದರೆ ಆ ಗಾಡಿ ಹೊರಟರೆ ಅವಳು ಗಾಜಿನೊಳಗೆ ಪ್ಲಾಸ್ಟರಾಗಿಯೇ ಇರುತ್ತಾಳೆ, ಟಕ್ ಟಕ್ ಎಂದು ಕುಟ್ಟಿದರೆ ಕೇಳುವವರೂ ಇರುವುದಿಲ್ಲ. ನಾನು ರುದ್ರಾಣಮ್ಮನ ಕಡೆ ಬಾಗಿದೆ.

"ರುದ್ರಾಣಮ್ಮ, ದೀಪ ಹಚ್ಚೋ ಹೊತ್ತಾತಲ್ಲೆ."

"ಸುಮ್ಕಿರೆ. ಮಾತು ಕೊಟ್ಟೀನಿ."

"ಕರೀ ಅನ್ನಲಿಲ್ಲ ನಾನು. ಹಸಿವಾಗೈತೆ, ಸೆರಗಲ್ಲಿ ಒಂದು ಕಡಲೆಕಾಯಿ ಇದ್ರೆ ಕೊಡು ಅಂದೆ. ಸಿಪ್ಪೆ ತಗ್ದು ಕೊಡು, ನನ್ನ ಹಲ್ಲು ಸರಿಯಿಲ್ಲ."

ರುದ್ರಾಣಮ್ಮ ನನ್ನ ಮುಖವನ್ನು ದಿಟ್ಟಿಸಿ ನೋಡಿದಳು. ಆಮೇಲೆ ಸೆರಗಿನ ಗಂಟಿನಿಂದ ಒಂದು ಕಡಲೆಕಾಯಿ ತೆಗೆದು ಎರಡು ಬೆರಳ ನಡುವೆ ಇಟ್ಟು ಚಿಟಕ್ಕೆಂದು ಒಡೆದಳು.

ಮಂತ್ರಿಗಳು ಆಗಷ್ಟೇ ಸೇವಂತಿಗೆ ಹಾರ ಎತ್ತಿ ಊರಹಿರಿಯನ ಕೊರಳಿಗೆ ಹಾಕುತ್ತಿದ್ದರು. ದವಡೆ ಕಟಕ್ಕೆಂದು ಮುಚ್ಚಿತು. ಮುಖದಿಂದ ಕಿತ್ತುಕೊಂಡು ಹಾರದ ಮೇಲೆ ಬಿತ್ತು, ಬೀಳುತ್ತಲೇ ಅರ್ಧ ಹಾರ ಅರೆದು, ಮೀಸೆ ಸಮೇತ ಮೆಟ್ಟಿಲಿಳಿದು ಹೆಂಗಸರ ಸಾಲಿನತ್ತ ಕಟಕಟನೆ ಬಂತು. ಅದನ್ನು ಕಂಡ ಚಂದ್ರಹಾಸ ಮೇಷ್ಟ್ರ ಕೈ ತನ್ನಷ್ಟಕ್ಕೆ ಜೇಬಿಗೆ ಹೋಯಿತು. ಸೀಟಿ ಊದಿದರು. ಅದು ಸಾಮಾನ್ಯ ಸೀಟಿಯಲ್ಲ, ಮಕ್ಕಳ ಮೂರು ತಲೆಮಾರನ್ನು ಬಿಸಿಲಲ್ಲಿ ನಿಲ್ಲಿಸಿದ ಸೀಟಿ, ಮಂತ್ರಿಗಳೂ ಅಟೆನ್ಶನ್ ಆದರು. ತೊಡೆಮೂಳೆ ಪ್ಲಾಸ್ಟರನ್ನು ಒದ್ದು ಕೊಡವಿಕೊಂಡು ಅಧ್ಯಕ್ಷರ ತಲೆಯ ಮೇಲಿಂದ ನೆಗೆಯಿತು. ರವೂಫ್ ಸಾಬರು ಡಬ್ಬ ತಂದಿರಲಿಲ್ಲ, ಮುಂದೆ ಕೂತಿದ್ದವರ ಕುರ್ಚಿಯ ಬೆನ್ನನ್ನೇ ತಟ್ಟಿ, "ಆವೋ ಬಾ, ಬನ್ನಿ ಅಜ್ಜಾರೆ, ಗಿರಣಿ ನಡೀತಿಲ್ಲ" ಎಂದರು. ಬುರುಡೆ ಪೇಟ ಸಮೇತ ಉರುಳಿತು. ನನ್ನ ಕಚ್ಚಾ ಹೊಲಿಗೆ ಯಾರಿಗೂ ಅಡ್ಡಿ ಮಾಡಲಿಲ್ಲ, ಜುಬ್ಬ ಹೆಗಲಲ್ಲಿ, ಕಂಕುಳಲ್ಲಿ, ಪಕ್ಕದಲ್ಲಿ ಸುಮ್ಮನೆ ತೆರೆದುಕೊಂಡು ಎಲ್ಲರಿಗೂ ದಾರಿ ಬಿಟ್ಟಿತು.

ಉಳಿದದ್ದು ತಲೆಯಿಲ್ಲದ, ಒಂದೇ ಕಾಲಿನ ಪ್ಲಾಸ್ಟರು. ಕೈ ಮಾತ್ರ ಇನ್ನೂ ಆಶೀರ್ವಾದ ಮಾಡುತ್ತಿತ್ತು. ಮಂತ್ರಿಗಳು ಅಭ್ಯಾಸಬಲದಿಂದ ಅದಕ್ಕೊಂದು ನಮಸ್ಕಾರ ಹಾಕಿದರು. ಅದು ಮುಂದಕ್ಕೆ ವಾಲಿ ವೇದಿಕೆಯ ಮೇಲೆ ಬಿದ್ದು ಪುಡಿಪುಡಿಯಾಯಿತು.

ಜನ ನಗುತ್ತಿದ್ದರು, ಒಬ್ಬರನ್ನೊಬ್ಬರು ತಟ್ಟಿಕೊಂಡು ನಗುತ್ತಿದ್ದರು. ತಮ್ಮ ತಮ್ಮ ನೆಂಟರನ್ನು ಎತ್ತಿಕೊಂಡು, ಒರೆಸಿ, ಬೈದು, ಮನೆ ಕಡೆ ಹೊರಟಿದ್ದರು. ನಾನು ಓಡಿದೆ. ಮೆಟ್ಟಿಲು ಹತ್ತಿ ನೋಡಿದರೆ ಬಿಳಿ ಚೂರಿನ ರಾಶಿ, ಅದರಲ್ಲಿ ಬೆರಳು ಯಾವುದು, ಮೂಗು ಯಾವುದು ಒಂದೂ ತಿಳಿಯದು. ಎಲ್ಲದಕ್ಕೂ ಒಂದೇ ಸುಣ್ಣ. ಅಧ್ಯಕ್ಷರು ಮಂತ್ರಿಗಳ ಕಾರಿನ ಹಿಂದೆ ಸ್ವಲ್ಪ ದೂರ ಓಡಿ, ವಾಪಸು ಬಂದು, "ಗುಡಿಸ್ರೋ ಇದನ್ನ. ಪೇಪರಿನೋರು ಫೋಟೋ ತೆಗಿಯೋಕೆ ಮುಂಚೆ ಟ್ರ್ಯಾಕ್ಟರಿಗೆ ತುಂಬಿ" ಎಂದು ಕೂಗುತ್ತಿದ್ದರು. ಪೌರಕಾರ್ಮಿಕರು ಸಲಿಕೆ ಹಿಡಿದು ಬಂದರು. ನಾನು ರಾಶಿಯ ಮೇಲೆ ಕೂತುಬಿಟ್ಟೆ.

"ಏಳಕ್ಕ" ಎಂದರು ಅಧ್ಯಕ್ಷರು.

"ಕೂಸು ಸಿಗೋಗಂಟ ಏಳಲ್ಲ. ನನ್ನನ್ನೂ ಸೇರಿಸಿ ತುಂಬಿಸ್ಕೊಂಡು ಹೋಗ್ರಿ. ಎಲ್ಲಾದ್ರೂ ಸುರೀತೀರಲ್ಲ, ಲಕ್ಷ ವರ್ಷ ಆದ್ಮೇಲೆ ಯಾರಾದ್ರೂ ಅಗೀಲಿ, ಇಬ್ರೂ ಒಟ್ಟಿಗೆ ಸಿಗ್ತೀವಿ."

ಅವರು ಕೊರಳಲ್ಲಿದ್ದ ಹಾರ ತೆಗೆದು ಕುರ್ಚಿಗೆ ಹಾಕಿ, ಸಲಿಕೆಯವರಿಗೆ ಕೈಸನ್ನೆ ಮಾಡಿ ನಿಲ್ಲಿಸಿದರು.

ಡಾಕ್ಟರ್ ಅನಂತಶಯನ ಶಾಲು ಬಿಸಾಕಿ ನನ್ನ ಎದುರು ಮಂಡಿಯೂರಿದರು. ಭೂತಗನ್ನಡಿ ತೆಗೆದು ಒಂದೊಂದೇ ಚೂರು ಎತ್ತಿ ನೋಡತೊಡಗಿದರು. "ಇದಿರಬಹುದೇ?" ಎಂದರು. ಪ್ಲಾಸ್ಟರು. "ಇದು?" ಅದೂ ಪ್ಲಾಸ್ಟರು. "ಸುಣ್ಣ ಮೆತ್ತಿಕೊಂಡರೆ ನನಗೂ ಗೊತ್ತಾಗೋದಿಲ್ಲ ಓಬಕ್ಕನವರೆ. ಆವತ್ತು ಸಭೇಲಿ ನಾನು ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು" ಎಂದರು. ಬೈಯಲು ನನಗೆ ಮನಸ್ಸು ಬರಲಿಲ್ಲ. ಶಾಲು ತೆಗೆದುಹಾಕಿದ ಮೇಲೆ ಅವರೂ ಹೆದರಿದ ಒಬ್ಬ ಮನುಷ್ಯ ಅಷ್ಟೇ.

ಕತ್ತಲು ಇಳಿಯುತ್ತಿತ್ತು. ಎಲ್ಲರ ಮನೆಯ ನೆಂಟರೂ ಕರೆದ ಕೂಡಲೆ ಬಂದರು. ನನಗೆ ಕರೆಯಲು ಬರುವುದಿಲ್ಲ, ಅವಳಿಗೆ ಬಾಗಲು ಬರುವುದಿಲ್ಲ. ಅವಳು ನನ್ನನ್ನು ಬಿಟ್ಟು ಹೋದವಳಲ್ಲ, ನಾನೇ ಬಿಡಿಸಿ ಕೊಟ್ಟವಳು. ಈಗ ಏನೆಂದು ಕೂಗಲಿ? ನನಗೆ ಅಳು ಬಂದುಬಿಟ್ಟಿತು, ಎಲ್ಲರ ಮುಂದೆ ಜೋರಾಗಿಯೇ ಅತ್ತೆ. ಅಳುತ್ತಲೇ ಕೈಯನ್ನು ಚೂರುಗಳ ರಾಶಿಯೊಳಗೆ ಮಣಿಕಟ್ಟಿನವರೆಗೂ ಇಳಿಸಿದೆ. ಹುಡುಕಲಿಲ್ಲ. ಪೇಟೆಗೆ ಹೊರಡುವಾಗ ಹೇಗೆ ಚಾಚುತ್ತಿದ್ದೆನೋ ಹಾಗೆ ಕಿರುಬೆರಳನ್ನು ಚಾಚಿ, ಸುಮ್ಮನೆ ಇಟ್ಟುಕೊಂಡೆ.

ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ರಾಶಿಯ ಒಂದು ಮೂಲೆಯಲ್ಲಿ ಪುಡಿ ಸರಿಯಿತು. ಮತ್ತೆ ನಿಂತಿತು. ಮತ್ತೆ ಸರಿಯಿತು. ನನ್ನ ಬೆರಳಿಗೆ ಒರಟಾದ, ಸುಣ್ಣ ಮೆತ್ತಿದ ಒಂದು ಕೊಕ್ಕೆ ತಾಗಿತು, ಬಾಗಲು ಕಷ್ಟಪಡುತ್ತ ಬಾಗಿ, ಬಿಗಿಯಾಗಿ ಹಿಡಿದುಕೊಂಡಿತು.

"ಅದೇನಾ? ಖಾತ್ರಿಯಾ?" ಎಂದರು ಡಾಕ್ಟರು, ಭೂತಗನ್ನಡಿ ತಂದು.

"ಅದು ಬ್ಯಾಡಿ ಸ್ವಾಮಿ. ಹಿಡ್ಕೊಂಡಿರೋಳು ಅವ್ಳು, ನಾನಲ್ಲ."

ಎದ್ದು ಸೆರಗಿನಿಂದ ಕಣ್ಣೊರೆಸಿಕೊಂಡೆ. ಬಟ್ಟೆ ಹಾಳಾಗಬಾರದೆಂದು ಬಿದ್ದಿದ್ದ ಜುಬ್ಬವನ್ನೂ ಎತ್ತಿಕೊಂಡೆ. ಅಧ್ಯಕ್ಷರು ಕುರ್ಚಿಯ ಮೇಲೆ ಕೂತು ನೆಲ ನೋಡುತ್ತಿದ್ದರು. ಹಿಡಿದುಕೊಳ್ಳಲು ಒಂದು ಚೂರು ನೆಂಟರೂ ಇಲ್ಲದೆ ಇಡೀ ಚೌಕದಲ್ಲಿ ಅವರೊಬ್ಬರೇ ಇಡೀ ಮನುಷ್ಯರು ಎಂದು ನನಗೆ ಯಾಕೋ ಕನಿಕರವಾಯಿತು. "ಮನೆಗೆ ಹೋಗಿ ಉಣ್ಣಿ ಅಣ್ಣ" ಎಂದು ಹೇಳಿ ಹೊರಟೆ.

ಮನೆಯಲ್ಲಿ ಅವಳನ್ನು ಹುಣಸೆಹಣ್ಣು ಹಾಕಿ ಉಜ್ಜಿದೆ. ಗೆಣ್ಣಿನ ಸಂದಿಯಲ್ಲಿ ಒಂಚೂರು ಬಿಳಿ ಉಳಿದೇ ಉಳಿಯಿತು, ಇರಲಿ ಎಂದು ಬಿಟ್ಟೆ. ಒರೆಸಿ ಮಿಷನ್ನಿನ ಮೇಲಿಟ್ಟರೆ ಸುಸ್ತಾಗಿ ಮಲಗುತ್ತಾಳೆ ಎಂದುಕೊಂಡಿದ್ದೆ. ಅವಳು ಬಾಗಿ ಬಾಗಿ ಹೋಗಿ ಜುಬ್ಬದ ಬಿಚ್ಚಿಹೋದ ಹೆಗಲನ್ನು ಮುಟ್ಟಿ ನೋಡಿದಳು. ಕಂಕುಳನ್ನು ನೋಡಿದಳು. ನನ್ನ ಕಡೆ ತಿರುಗಿ ಹಲಗೆಯ ಮೇಲೆ ಟಕ್ ಟಕ್ ಎಂದು ಕುಟ್ಟಿದಳು. ಇದು ಒಂದು ಹೊಲಿಗೆಯೇ ಎಂದು.

"ಯಾರಿಗೆ ಅಂತ ಹೊಲೀಲೆ ಇದನ್ನ? ತೊಡೋಕೆ ಮನುಷ್ಯನೇ ಇಲ್ಲ" ಎಂದೆ.

ಟಕ್ ಟಕ್.

ನಾನು ದೀಪ ಹತ್ತಿರಕ್ಕೆ ಎಳೆದುಕೊಂಡೆ. ಕಚ್ಚಾ ದಾರ ಎಲ್ಲ ಕಿತ್ತು, ಯಾರಿಗೂ ಅಲ್ಲದ ಆ ಜುಬ್ಬವನ್ನು ಮೊದಲಿನಿಂದ ಗಟ್ಟಿಯಾಗಿ ಹೊಲಿಯಲು ಕೂತೆ. ಬಟ್ಟೆಯ ಅಂಚು ಅವಳು ಹಿಡಿದುಕೊಂಡಳು.